ಮಾಳಿಗೆಯ ಮೇಲೊಂದು ರಿವರ್ಸ್ ಹಾರ್ನ್

ಜಂಬಯ್ಯ ತೀರಿಹೋಗಿ ನಾಲ್ಕು ತಿಂಗಳಾಯಿತು. ಕುರೆಕುಪ್ಪದ ಅವನ ಓಣಿಯಲ್ಲಿ ಹೆಸರೆತ್ತಿದರೆ ಜನ ಈಗಲೂ ಮೊದಲು ನಗುತ್ತಾರೆ, ಆಮೇಲೆ ಅವನ ಮಾಳಿಗೆಯ ಕಡೆ ನೋಡುತ್ತಾರೆ.

ತೋರಣಗಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವನ ಜೀವವೆಲ್ಲ ಇದ್ದದ್ದು ಮಾಳಿಗೆಯ ತಗಡಿನ ಶೆಡ್ಡಿನಲ್ಲಿ, ಹೊಟ್ಟೆ ಬಿಚ್ಚಿದ ರೇಡಿಯೋಗಳ ನಡುವೆ. ರಜೆಯ ದಿನ ಹತ್ತಿ ಕೂತರೆ ಅರ್ಧ ಗಂಟೆಗೆ ಕೆಳಗಿನಿಂದ ಕರೆ: ಹಿಟ್ಟಿನ ಗಿರಣಿ, ಗ್ಯಾಸು, ಕಂಪ್ಲಿಯ ನೆಂಟರ ಮದುವೆ.

ಶೆಡ್ಡಿನ ಮುಂದೆಯೇ ಹೆಂಡತಿ ಉಚ್ಚೆಂಗಮ್ಮ ಸಂಡಿಗೆ ಒಣಹಾಕುತ್ತಿದ್ದಳು. ಎರಡು ಬೆಕ್ಕುಗಳು ಅದನ್ನು ತುಳಿದೇ ಹಾಯುತ್ತಿದ್ದವು. ಹೋದ ಬೇಸಿಗೆ ಅವಳು ಕಡ್ಡಿ ಮುರಿದಂತೆ ಹೇಳಿದಳು: "ಇನ್ನೊಂದ್ಸಲ ಬೆಕ್ಕು ಕಾಲಿಡ್ಲಿ. ನಿಮ್ಮ ಡಬ್ಬಿಗಳ್ನೆಲ್ಲ ಗುಜರಿಗೆ ಹಾಕಿ ಶೆಡ್ಡಿನಾಗ ಕಟಿಗಿ ಒಟ್ತೀನಿ."

ಜಂಬಯ್ಯ ಗುಜರಿ ಟಿಪ್ಪರಿನದೊಂದು ರಿವರ್ಸ್ ಹಾರ್ನ್ ತಂದ, ಲಾರಿ ಹಿಂದಕ್ಕೆ ಸರಿಯುವಾಗ ಕೂಗುವಂಥದ್ದು. ಬೆಕ್ಕು ಬಂದರೆ ತಾನೇ ಕೂಗುವಂತೆ ಸೆನ್ಸರ್ ಕಟ್ಟಿದ. ಪರೀಕ್ಷೆಗೆಂದು ಕುರ್ಚಿಯ ಪಕ್ಕ ಒಂದು ಸ್ವಿಚ್ಚೂ ಇಟ್ಟ.

ಭಾನುವಾರ ಬೆಕ್ಕುಗಳು ಬಂದವು. ಹಾರ್ನ್ ಕೂಗಿತು. ಅದಿರು ಲಾರಿಗಳ ಊರು. ಕೆಳಗೆ ಓಣಿಯಲ್ಲಿ ನೀರು ತರುತ್ತಿದ್ದ ನಿಂಗಕ್ಕ ಕೊಡಸಮೇತ ಗೋಡೆಗೆ ಅಂಟಿದಳು. ಕಟ್ಟೆಯ ಮೇಲಿದ್ದ ಹಳೇ ಲಾರಿ ಕ್ಲೀನರ್ ರಾಯಣ್ಣ ಪೇಪರಿನಿಂದ ತಲೆ ಎತ್ತದೆ, "ಬರ್ಲಿ, ಬರ್ಲಿ, ಸ್ವಲ್ಪ ಲೆಫ್ಟ್," ಎಂದು ಕೈ ಬೀಸಿದ.

ಬೆಕ್ಕುಗಳೋ, ಲಾರಿ ಯಾರ್ಡಿನಲ್ಲಿ ಹುಟ್ಟಿದವು. ಮರ್ಯಾದೆಯಿಂದ ಪಕ್ಕಕ್ಕೆ ಸರಿದು, ಮೋಟುಗೋಡೆಯ ಮೇಲೆ ಕೂತು, ಲಾರಿ ಹೋಗಲೆಂದು ಕಾದವು. ಹಾರ್ನ್ ನಿಂತಿತು. ಇಳಿದು ಬಂದು ಸಂಡಿಗೆಯ ನಟ್ಟನಡುವೆ ನಡೆದವು.

ಜಂಬಯ್ಯ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತ. ಉಚ್ಚೆಂಗಮ್ಮ ಬೈಯಲು ಬಾಯಿ ತೆರೆದವಳು ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕುಸಿದಳು.

"ಅವಕ್ಕ ನಿಮಗಿಂತ ಟ್ರಾಫಿಕ್ ಭಾಳ ತಿಳೀತದ," ಎಂದಳು. "ಈ ಯಂತ್ರ ಗಿಂತ್ರ ಬ್ಯಾಡ. ಸಂಡಿಗಿ ಒಣಗೋ ತನಕ ಕೋಲು ಹಿಡ್ಕಂಡು ನೀವೇ ಇಲ್ಲಿ ಕುಂದ್ರಿ. ಕೆಳಗಿಳದ್ರ ನೋಡ್ರಿ ಮತ್ತ."

"ಕಂಪ್ಲಿ ಮದುವಿ?"

"ನಾ ಒಬ್ಬಾಕೀನ ಹೋಗ್ತೀನಿ."

ಜಂಬಯ್ಯ ಮುಖ ಸಪ್ಪಗೆ ಮಾಡಿಕೊಂಡು, ಸೆನ್ಸರಿನ ತಂತಿ ಬಿಚ್ಚಿ, ಕುರ್ಚಿ ಎಳೆದುಕೊಂಡ. ಆ ಬೇಸಿಗೆಯಲ್ಲಿ ಒಂಬತ್ತು ರೇಡಿಯೋ ರಿಪೇರಿಯಾದವು. ಸಂಡಿಗೆ ಒಣಗಲು ಎಂದೂ ಅಷ್ಟು ದಿನ ಹಿಡಿದಿರಲಿಲ್ಲ.

ಈ ಬೇಸಿಗೆ ಆ ಕುರ್ಚಿಯಲ್ಲಿ ಉಚ್ಚೆಂಗಮ್ಮ ಕೂತಳು. ಶೆಡ್ಡಿನಿಂದ ಒಂದು ಡಬ್ಬಿಯನ್ನೂ ಅವಳು ಕದಲಿಸಿಲ್ಲ. ಬೆಕ್ಕುಗಳು ಬಂದಾಗ ಕೋಲು ಕೈಯಲ್ಲಿದ್ದರೂ ಹಾರ್ನಿನ ಸ್ವಿಚ್ ಒತ್ತಿದಳು. ಲಾರಿ ಇಲ್ಲವೆಂದು ಗೊತ್ತಿದ್ದೂ ಕೆಳಗೆ ಇಡೀ ಓಣಿ ಪಕ್ಕಕ್ಕೆ ಸರಿದು ನಿಂತಿತು.