ಬೆರಿಲ್ ಇಟ್ಟ ಹೆಸರು: ಮಿಸರಿ ಗಟ್ಸ್

ಮ್ಯಾನ್ಸ್‌ಫೀಲ್ಡ್ ಎಂಬ ಊರಿನ ಕಾಲುಚೀಲದ ಕಾರ್ಖಾನೆಯಲ್ಲಿ ಬೆರಿಲ್ ಹ್ಯಾಲಮ್‌ಳ ಬಾಯಿಗೆ ಸಿಕ್ಕಿ ನಗೆಪಾಟಲಾಗದವರು ಯಾರೂ ಇರಲಿಲ್ಲ. ಮೆಷಿನ್ನಿನ ಮುಂದೆ ಕೂತು ಕಾಲುಚೀಲದ ತುದಿ ಹೊಲಿಯುತ್ತಲೇ ಮೇಸ್ತ್ರಿಯಿಂದ ಹಿಡಿದು ಪಾದ್ರಿಯವರೆಗೆ ಎಲ್ಲರನ್ನೂ ಆಡಿಕೊಳ್ಳುವಳು. ಹೆಚ್ಚು ಸಿಕ್ಕಿಬಿದ್ದವನು ಮಾತ್ರ ಅವಳ ಗಂಡ ಕ್ಲಿಫ್. ಅವನಿಗೆ ಅವಳಿಟ್ಟ ಹೆಸರು ಮಿಸರಿ ಗಟ್ಸ್.

ಮಿಸರಿ ಎಂದರೆ ಗೋಳು, ಗಟ್ಸ್ ಎಂದರೆ ಕರುಳು. ಕರುಳಿನ ತುಂಬ ಗೋಳೇ ಇರುವ ಮನುಷ್ಯ. ನಮ್ಮ ಅಳುಮುಂಜಿಯ ದಾಯಾದಿ ಎನ್ನಬಹುದು. ಆದರೆ ಅಳುಮುಂಜಿಗೆ ಕಣ್ಣೀರು ಬೇಕು, ಇವನಿಗೆ ಗೊಣಗಾಟ ಸಾಕು. ಈ ಮಾತು ಆಡುವುದಕ್ಕೂ ಆ ಊರಲ್ಲಿ ಒಂದು ರೀತಿಯಿದೆ. ಸಾವಾದ ಮನೆಯವರಿಗೆ, ಹಾಸಿಗೆ ಹಿಡಿದವರಿಗೆ ಯಾರೂ ಹಾಗೆನ್ನುವುದಿಲ್ಲ. ಉಂಡು ತಿಂದು ಗಟ್ಟಿಮುಟ್ಟಾಗಿದ್ದೂ ಮುಖ ಗಂಟಿಕ್ಕಿಕೊಂಡವನಿಗೆ, ಅದೂ ಸಲಿಗೆ ಇದ್ದರೆ ಮಾತ್ರ ಅನ್ನುತ್ತಾರೆ.

ಕ್ಲಿಫ್‌ಗೆ ಆ ಹೆಸರು ಒಪ್ಪುತ್ತಿತ್ತು, ಸುಳ್ಳೇಕೆ. ಪಾರ್ಕಿನಲ್ಲಿ ಮುದುಕರು ಚೆಂಡು ಉರುಳಿಸಿ ಆಡುವ ಹುಲ್ಲುಹಾಸನ್ನು ನೋಡಿಕೊಳ್ಳುವುದು ಅವನ ಕೆಲಸ. ಮಳೆ ಬಂದರೆ ಹುಲ್ಲು ಕೊಳೆಯಿತು, ಬಿಸಿಲು ಬಂದರೆ ಸುಟ್ಟುಹೋಯಿತು ಎಂದು ಗೊಣಗುವನು. ರಜೆಗೆಂದು ಸ್ಕೆಗ್ನೆಸ್ ಸಮುದ್ರತೀರಕ್ಕೆ ಕರೆದುಕೊಂಡು ಹೋದರೆ ಅಲ್ಲಿ ಮರಳು ಜಾಸ್ತಿ ಎಂದವನು ಅವನು.

"ಟೀ ತಣ್ಣಗಾಗಿದೆ ಕಣೆ."

"ನಿನ್ನ ಮೋರೆ ನೋಡಿ ತಣ್ಣಗಾಗಿರ್ಬೇಕು. ಕುಡಿ ಸುಮ್ನೆ."

ಮೂವತ್ತು ವರ್ಷದ ಸಂಸಾರ ಹೀಗೇ ಚೆನ್ನಾಗಿಯೇ ನಡೆದಿತ್ತು. ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವನ ಗೊಣಗಾಟಕ್ಕೆ ಹೊಸದೊಂದು ಸೇರಿತು.

"ಹೊಟ್ಟೆ ಯಾಕೋ ಸರಿಯಿಲ್ಲ ಕಣೆ. ಒಳಗೆ ಹಿಂಡಿದ ಹಾಗಾಗುತ್ತೆ."

"ನಿನ್ನ ಕರುಳು ಯಾವತ್ತು ಸರಿಯಿತ್ತು ಮಾರಾಯ? ಹೆಸರಲ್ಲೇ ಇದೆಯಲ್ಲ!"

ಮರುದಿನ ಕಾರ್ಖಾನೆಯಲ್ಲಿ ಇದನ್ನು ಹೇಳಿದಾಗ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಾಲ್ಕು ಜನ ನಕ್ಕರೆ ನಲವತ್ತು ಜನರನ್ನು ನಗಿಸಬೇಕು ಎನ್ನುವ ಚಟ ಬೆರಿಲ್‌ಗೆ. ಕ್ರಿಸ್‌ಮಸ್ ಪಾರ್ಟಿಗೆ ಊರಿನ ಗಣಿ ಕೆಲಸಗಾರರ ಕ್ಲಬ್ಬಿನಲ್ಲಿ ಊರೆಲ್ಲ ಸೇರಿದ್ದಾಗ ಮೈಕು ಕಿತ್ತುಕೊಂಡು, "ಈ ವರ್ಷದ ಮಿಸರಿ ಗಟ್ಸ್ ಬಹುಮಾನ ನಮ್ಮ ಯಜಮಾನರಿಗೆ! ಹವಾ ಆಯ್ತು, ಹುಲ್ಲಾಯ್ತು, ಈಗ ಹೊಟ್ಟೆಯ ಸರದಿ!" ಎಂದು ಕೂಗಿ, ತಗಡಿನ ಕಪ್ಪೊಂದನ್ನು ಕೊಟ್ಟಳು. ಕ್ಲಿಫ್ ಎದ್ದು ಬಂದು ಇಸಿದುಕೊಂಡ. ನಕ್ಕ ಕೂಡ. ಕಿವಿ ಮಾತ್ರ ಕೆಂಪಾಗಿತ್ತು.

ಮನೆಗೆ ನಡೆದು ಬರುವಾಗ ಕೇಳಿದ: "ನಿನ್ನನ್ನ ಅಷ್ಟೊಂದು ಗೋಳು ಹೊಯ್ಕೊಂಡಿದೀನಾ?"

"ಮತ್ತೆ? ಮದುವೆಯಾದಾಗಿಂದ!"

"ಇನ್ನು ಹೊಯ್ಕೊಳ್ಳಲ್ಲ ಬಿಡು."

ಮಾತಿಗೆ ತಪ್ಪದ ಮನುಷ್ಯ. ಮಳೆ ಬಂದರೆ ಹುಲ್ಲಿಗೆ ಒಳ್ಳೆಯದು ಎಂದ. ತಣ್ಣನೆ ಟೀಯನ್ನೂ ಕುಡಿದ. ತಟ್ಟೆಯಲ್ಲಿ ಅರ್ಧ ಊಟ ಉಳಿದರೆ, ಪಾರ್ಕಿನಲ್ಲೇ ಏನೋ ತಿಂದೆ ಎಂದ. ಬೆರಿಲ್ ಕಾರ್ಖಾನೆಯಲ್ಲಿ ಜಂಬ ಕೊಚ್ಚಿಕೊಂಡಳು: "ಡಾಕ್ಟರ್ ಕೈಲೂ ಆಗದ್ದು ನನ್ನ ಒಂದು ಕಪ್ಪಿನಿಂದ ಆಯ್ತು ನೋಡ್ರೇ!" ಅವನ ಪ್ಯಾಂಟು ಸಡಿಲವಾದಾಗ ತಾನೇ ಕೂತು ಸೊಂಟದ ಹತ್ತಿರ ಹಿಡಿದು ಹೊಲಿದುಕೊಟ್ಟಳು. "ಮದುವೆ ದಿನದ ಸೊಂಟ ವಾಪಸ್ ಬಂತಲ್ಲೋ!" ಎಂದು ಅಲ್ಲೊಂದು ಗುದ್ದು ಕೂಡ ಕೊಟ್ಟಳು. ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ಕಂಡಿತ್ತು. ಕಚಗುಳಿ ಎಂದುಕೊಂಡಳು.

ಮಾರ್ಚಿನಲ್ಲಿ ಕ್ಲಿಫ್ ಹುಲ್ಲಿನ ಮೇಲೆಯೇ ಕುಸಿದು ಬಿದ್ದ. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿ, ಕರುಳಿನ ಗಡ್ಡೆ ಕೈಮೀರಿ ಬೆಳೆದದ್ದು ಕಂಡು ಹಾಗೆಯೇ ಹೊಲಿದರು.

"ಕ್ರಿಸ್‌ಮಸ್ ಹೊತ್ತಿಗಾದ್ರೂ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು," ಎಂದರು ಡಾಕ್ಟರು. "ನೋವು ಅಂತ ಮನೇಲಿ ಒಂದು ಮಾತೂ ಅಂದಿರ್ಲಿಲ್ವೇನಮ್ಮಾ?"

"ಅಂದಿದ್ರು," ಎಂದಳು ಬೆರಿಲ್. ಇಡೀ ಊರಿನ ಮುಂದೆ ಮೈಕಿನಲ್ಲಿ ಅವನ ಬಾಯಿ ಹೊಲಿದವಳು ತಾನೇ ಎಂದು ಯಾವ ಮುಖ ಹೊತ್ತು ಹೇಳುವುದು?

ಅವತ್ತಿನಿಂದ ಅವಳಿಗೆ ಒಂದೇ ಆಸೆ. ಅವನು ಒಂದು ಸಲ, ಒಂದೇ ಒಂದು ಸಲ ಮೊದಲಿನಂತೆ ಗೊಣಗಬೇಕು. ಹಾಗಾದರೆ ಕ್ಷಮಿಸಿದ ಎಂದೇ ಅರ್ಥ. ಬೇಕೆಂದೇ ಸಪ್ಪೆ ಸೂಪು ತಂದಳು. ಪಾರ್ಕಿಗೆ ಬಂದ ಹೊಸಬ ಹುಲ್ಲನ್ನು ಅಡ್ಡಾದಿಡ್ಡಿ ಕತ್ತರಿಸುತ್ತಾನೆ ಎಂದು ಚಾಡಿ ಹೇಳಿದಳು.

"ಕಲೀತಾನೆ ಬಿಡು, ಪಾಪ," ಎಂದ ಕ್ಲಿಫ್. "ಸೂಪು ಚೆನ್ನಾಗಿದೆ ಕಣೆ."

ಒಂದು ಮಧ್ಯಾಹ್ನ, ಇವತ್ತು ಕ್ಷಮೆ ಕೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿ ಬೆರಿಲ್ ಬೇಗ ಬಂದಳು. ಮಂಚದ ಸುತ್ತ ಪರದೆ ಎಳೆದಿತ್ತು. ಒಳಗೆ ಕ್ಲಿಫ್‌ನ ದನಿ.

"ತಡ್ಕೊಳ್ಳೋಕಾಗ್ತಿಲ್ಲ ಸಿಸ್ಟರ್. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಈ ಹಾಸಿಗೆ ಕಲ್ಲು, ಗಂಜಿ ಅಂಟು, ಪಕ್ಕದವನ ಗೊರಕೆ ಬೇರೆ. ಬೇಗ ಇಂಜೆಕ್ಷನ್ ಕೊಟ್ಬಿಡಿ, ನಮ್ಮ ಬೆರಿಲ್ ಬರೋ ಹೊತ್ತು. ನನ್ನ ಗೋಳು ಕೇಳಿ ಕೇಳಿ ಸಾಕಾಗಿದೆ ಅವಳಿಗೆ. ನೀವೂ ಹೇಳ್ಬೇಡಿ."

ಕೇಳಬೇಕೆಂದು ಹಂಬಲಿಸಿದ್ದ ಗೊಣಗಾಟ ಪೂರ್ತಿಯಾಗಿ ಕಿವಿಗೆ ಬಿತ್ತು. ಆದರೆ ಅದು ಅವಳಿಗೆಂದು ಆಡಿದ್ದಲ್ಲ.

ನರ್ಸು ಪರದೆ ಸರಿಸಿದಳು. ಹೆಂಡತಿಯನ್ನು ಕಂಡದ್ದೇ ಕ್ಲಿಫ್‌ನ ಮುಖ ಬಿಳಿಚಿತು.

"ಯಾವಾಗ ಬಂದೆ?" ಎಂದ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ.

ಬೆರಿಲ್ ಅವನ ಕಣ್ಣು ನೋಡಿದಳು.

"ಈಗಷ್ಟೇ ಕಣೋ. ಇನ್ನೂ ಕೋಟು ಬಿಚ್ಚಿಲ್ಲ ನೋಡು."

ಅವನ ಮುಖ ಸಡಿಲವಾಯಿತು. ನಗುತ್ತ, ಪಕ್ಕದಲ್ಲಿ ಕೂರಲು ಅವಳಿಗೆ ಜಾಗ ಮಾಡಿಕೊಟ್ಟ. ಏನೂ ಕೇಳಿಸಿಲ್ಲವೆಂದು ನಟಿಸಿದ ಮೇಲೆ ಇನ್ನು ಯಾವ ಬಾಯಿಂದ ಕ್ಷಮೆ ಕೇಳುವುದೆಂದು ಅವಳಿಗೆ ತಿಳಿಯಲಿಲ್ಲ.