ಗುಡುಗಿನ ದಿನ ಏಳದ ಮಷಿನ್

೨೦೦೯ರಲ್ಲಿ ನಾನು ಒಂದು ಸಣ್ಣ ಕಂಪನಿಯ ಸಿಸ್ಟಮ್ ಎಂಜಿನಿಯರ್. ಕಾರವಾರದ ಹಬ್ಬುವಾಡದಲ್ಲಿ ಒಂದು ಬಾಡಿಗೆ ಕೋಣೆ. ಅದೇ ಆಫೀಸು, ಅದೇ ಮನೆ. ನಾನು ನೋಡಿಕೊಳ್ಳುತ್ತಿದ್ದ ಮಷಿನ್‌ಗಳೆಲ್ಲ ಯಾವುದೋ ದೇಶದ ಪಬ್ಲಿಕ್ ಕ್ಲೌಡ್‌ನಲ್ಲಿ, ಅಂದರೆ ಯಾರು ಬೇಕಾದರೂ ಬಾಡಿಗೆಗೆ ಪಡೆಯಬಹುದಾದ ಕಂಪ್ಯೂಟರ್‌ಗಳ ಒಳಗೆ. ಒಂದನ್ನೂ ಕಣ್ಣಾರೆ ಕಂಡವನಲ್ಲ. ಮಾತು ಬೇಕೆನಿಸಿದರೆ ಅಂಗಡಿಗೆ ಹೋಗಿ, ಬೇಡದಿದ್ದರೂ ಬೆಂಕಿಪೆಟ್ಟಿಗೆ ಕೊಳ್ಳುತ್ತಿದ್ದೆ.

ಆ ಮಷಿನ್‌ಗಳಲ್ಲೊಂದು ಅಂಕೋಲೆಯ ರಕ್ತದಾನಿಗಳ ಸಂಘದ್ದು. ದಾನಿಗಳ ಹೆಸರು, ನಂಬರು ಕಂಡವರ ಡಿಸ್ಕಿನಲ್ಲಿ ಉಳಿಯಕೂಡದೆಂದು ಸಂಘದವರ ಹಟ. ಹಾಗಾಗಿ ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಾಗಿಯೇ ಇರುವ ಆ ವರ್ಚುವಲ್ ಮಷಿನ್‌ಗೆ ಡಿಸ್ಕೇ ಇರಲಿಲ್ಲ. ಪ್ರತಿ ಸಲ ಶುರುವಾಗುವಾಗಲೂ ಅದು ಇಂಟರ್ನೆಟ್ಟಿನಲ್ಲಿ ಅಂಕೋಲೆಯ ಆಫೀಸಿನ ಕಂಪ್ಯೂಟರನ್ನು ಕರೆದು, ಸಾಫ್ಟ್‌ವೇರನ್ನೂ ಹೆಸರುಗಳನ್ನೂ ಅಲ್ಲಿಂದಲೇ ತರಿಸಿಕೊಂಡು ಏಳಬೇಕು. ಇದಕ್ಕೆ ನೆಟ್‌ವರ್ಕ್ ಬೂಟ್ ಎನ್ನುತ್ತೇವೆ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕಾರವಾರದ ಆಸ್ಪತ್ರೆಯೊಂದರಿಂದ ಫೋನು ಬಂತು. ಹೆರಿಗೆಯಾದ ಹೆಂಗಸಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ನಿಮ್ಮ ಸೈಟು ತೆರೆಯುತ್ತಿಲ್ಲ ಎಂದರು ನರ್ಸ್. ನೋಡಿದರೆ, ಕ್ಲೌಡ್ ಕಂಪನಿಯವರು ರಿಪೇರಿಗೆಂದು ಮಷಿನನ್ನು ರೀಸ್ಟಾರ್ಟ್ ಮಾಡಿದ್ದರು. ಅದು ಅಂಕೋಲೆಯನ್ನು ಕರೆಯುತ್ತಿತ್ತು, ಕಾಯುತ್ತಿತ್ತು, ಮತ್ತೆ ಕರೆಯುತ್ತಿತ್ತು. ಆಫೀಸಿನ ಫೋನೂ ಸತ್ತಿತ್ತು. ಸಂಘದ ಕಾರ್ಯದರ್ಶಿ ಊರಲ್ಲಿರಲಿಲ್ಲ. ಏನು ಮಾಡಲಿ ಎಂದು ಕೇಳಲು ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಅಷ್ಟರಲ್ಲಿ ಗುಡುಗಿತು. ಮಹಡಿಯ ಮನೆಯವರು ಟೀವಿಯ ವಾಯರ್ ಕೀಳಿ ಎಂದು ಕೂಗಿದ್ದು ಕೇಳಿಸಿತು. ಮಳೆಗಾಲಕ್ಕೆ ಮುಂಚಿನ ಗುಡುಗಿಗೆ ನಮ್ಮಲ್ಲಿ ಮನೆಮನೆಯಲ್ಲೂ ಇದೇ ಪದ್ಧತಿ. ತಟ್ಟನೆ ಹೊಳೆಯಿತು, ಅಂಕೋಲೆಯಲ್ಲೂ ಯಾರೋ ವಾಯರ್ ಕಿತ್ತಿರಬೇಕು. ಅಂಕೋಲೆಯ ಆಫೀಸನ್ನು ಗುಡಿಸಿ ಬೀಗ ಹಾಕುವವಳು ಅಲ್ಲೇ ಪಕ್ಕದ ಭಾವಿಕೇರಿಯ ಬೀರಮ್ಮ. ಅವಳ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿ ಅವಳನ್ನು ಕರೆಸಿದೆ.

"ಗುಡುಗು ಬಂತಲಾ, ಎಲ್ಲಾ ವಾಯರ್ ಕಿತ್ತಿಟ್ಟೇ ಬಂದೆ," ಎಂದಳು, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ.

ವಿಷಯ ಹೇಳಿ, ವಾಯರ್ ಮತ್ತೆ ಸಿಕ್ಕಿಸಿ ಕಂಪ್ಯೂಟರ್ ಶುರು ಮಾಡಬೇಕೆಂದೆ. ಮಿಂಚಿನಲ್ಲಿ ವಾಯರ್ ಮುಟ್ಟಲು ಅವಳಿಗೆ ಜೀವಭಯ. "ಬಾಣಂತಿಯಾ?" ಎಂದು ಕೇಳಿದಳು. ಹೌದೆಂದೆ.

"ಹಂಗಾರೆ ಹೋಗ್ತೆ."

ಪರದೆಯ ಮುಂದೆ ಕೂತೇ ಇದ್ದೆ. ಕೊನೆಗೂ ಅಂಕೋಲೆ ಉತ್ತರಿಸಿತು, ಮಷಿನ್ ಎದ್ದಿತು. ಸೈಟು ತೆರೆದಿದೆ ಎಂದು ಆಸ್ಪತ್ರೆಗೆ ತಿಳಿಸಿದೆ. ಸ್ವಲ್ಪ ಹೊತ್ತಿಗೆ, ಹತ್ತಿರದ ಕಿನ್ನರ ಎಂಬ ಊರಿನ ದಾನಿಯೊಬ್ಬರು ಹೊರಟಿದ್ದಾರೆ ಎಂದು ನರ್ಸ್ ಅವಸರದಲ್ಲಿ ಹೇಳಿ ಫೋನಿಟ್ಟರು. ಆಮೇಲೆ ಯಾರೂ ಕರೆಯಲಿಲ್ಲ. ಆ ಹೆಂಗಸು ಉಳಿದಳೋ ಇಲ್ಲವೋ ತಿಳಿಯಲಿಲ್ಲ. ಅವತ್ತಿನಷ್ಟು ಒಂಟಿತನ ನನಗೆ ಮತ್ತೆಂದೂ ಆಗಿಲ್ಲ.

ಮರುದಿನ ತಡೆಯಲಾರದೆ ಆಸ್ಪತ್ರೆಗೇ ಹೋದೆ. ಬಾಣಂತಿ ಮಗುವಿನ ಪಕ್ಕದಲ್ಲಿ ನಿದ್ದೆಹೋಗಿದ್ದಳು. ನೀವು ಯಾರು ಎಂದರು ಅವಳ ತಾಯಿ. ಬೂಟು, ಕ್ಲೌಡು ಎಂದು ಅವರಿಗೆ ಏನಂತ ಹೇಳಲಿ? "ಇಲ್ಲೇ ಹಬ್ಬುವಾಡದವ, ನೋಡಿ ಹೋಗುವಾ ಅಂತ ಬಂದೆ," ಎಂದೆ. ಅವರು ಮತ್ತೇನೂ ಕೇಳದೆ ಸ್ಟೂಲು ಎಳೆದು ಕೂರಿಸಿ, ಫ್ಲಾಸ್ಕಿನಿಂದ ಚಾ ಬಗ್ಗಿಸಿಕೊಟ್ಟರು.

ಮಷಿನ್ ಎದ್ದರೆ ನಮ್ಮ ಕಸುಬಿನಲ್ಲಿ ಕೆಲಸ ಮುಗಿದಂತೆ. ಸುದ್ದಿ ಮುಟ್ಟಿಸುವುದೂ ಕೆಲಸವೇ ಎಂದು ನಾನು ಕಲಿತದ್ದು ಆಮೇಲೆ, ಆಸ್ಪತ್ರೆಯಿಂದ ಹೊರಬಂದು ಭಾವಿಕೇರಿಯ ಅಂಗಡಿಗೆ ಫೋನ್ ಮಾಡಿದಾಗ. ಬೀರಮ್ಮನನ್ನು ಕರೆಸುವ ಅಗತ್ಯವೇ ಬೀಳಲಿಲ್ಲ. ಅವಳು ಬಾಣಂತಿಯ ಸುದ್ದಿಗೆ ಕಾಯುತ್ತ ಬೆಳಗಿನಿಂದ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದಳು.