ನಿಲ್ಲಬಾರದ ಯಂತ್ರಕ್ಕೆ ಆಯುಧಪೂಜೆ

ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ನನ್ನ ಪಾಲಿಗೆ ಉಳಿದಿದ್ದದ್ದು ಒಂದೇ ಕೆಲಸ: ಒಂದು ಕೂಲರ್ ಕಾಯುವುದು. ಬೇಸಿಗೆಗೆ ಮನೆಗೆ ತರುವ ಕೂಲರ್ ಅಲ್ಲ. ಉಪಗ್ರಹದ ಕ್ಯಾಮೆರಾದ ಕಣ್ಣನ್ನು, ಗಾಳಿಯೇ ದ್ರವವಾಗುವಷ್ಟು ತಣ್ಣಗಿಡುವ ಕೂಲರ್. ಆಕಾಶದಲ್ಲಿ ಕೆಟ್ಟರೆ ರಿಪೇರಿಗೆ ಯಾರೂ ಹೋಗಲಾರರು. ಹಾಗಾಗಿ ಅದರ ಜೋಡಿಯೊಂದನ್ನು ಇಲ್ಲಿ ನೆಲದ ಮೇಲೆ ಮೂರು ವರ್ಷ ನಿಲ್ಲಿಸದೆ ಓಡಿಸಿ ನೋಡಬೇಕು. ನಡುವೆ ಒಂದೇ ಒಂದು ಸಲ ನಿಂತರೂ ಎಣಿಕೆ ಮತ್ತೆ ಮೊದಲ ದಿನದಿಂದ. ಈ ನಿಯಮ ಮಾಡಿದವಳು ನಾನೇ. ಮಹಾ ಬುದ್ಧಿವಂತೆ!

ಅದನ್ನು ಕಟ್ಟುವಾಗ ಎಂಟು ಜನ ಇದ್ದೆವು, ಜಗಳಕ್ಕೂ ಕೊರತೆ ಇರಲಿಲ್ಲ. ಓಡಲು ಶುರುವಾದ ಮೇಲೆ ಒಬ್ಬೊಬ್ಬರೇ ಹೊಸ ಕೆಲಸಗಳಿಗೆ ಹೋದರು. ನಾನು ಉಳಿದೆ. ಭಾನುವಾರವೂ ಚಿಕ್ಕಲಸಂದ್ರದಲ್ಲಿ ಬಸ್ ಹತ್ತಿ ಹೋಗಿ, ಕಂಪ್ಯೂಟರಿನಲ್ಲಿ ಕೂಲರಿನ ಉಷ್ಣಾಂಶ ನೋಡಿ, ರಿಜಿಸ್ಟರಿನಲ್ಲಿ ಬರೆದು ಬರುತ್ತಿದ್ದೆ. ಕ್ಯಾಮೆರಾ ಅಲುಗಬಾರದೆಂದು ಕೂಲರಿನ ನಡುಕವನ್ನೆಲ್ಲ ನಾವೇ ಅಳಿಸಿಹಾಕಿದ್ದೆವು. ಮುಟ್ಟಿದರೂ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗದು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ನಾನೊಬ್ಬಳೇ. ಇಲ್ಲಿ ಸದ್ದೇ ಇಲ್ಲದ ಈ ಸಂಗಾತಿ. ಕೆಲವು ದಿನ ಬಸ್ ಕಂಡಕ್ಟರ್ ಬಿಟ್ಟರೆ ಬೇರೆ ಯಾರ ಜೊತೆಗೂ ಮಾತೇ ಆಗುತ್ತಿರಲಿಲ್ಲ. ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಯುಧಪೂಜೆಗೆ ಪಕ್ಕದ ವರ್ಕ್‌ಶಾಪಿನ ಯಂತ್ರಗಳಿಗೆಲ್ಲ ವಿಶ್ರಾಂತಿ. ಮೇನ್ ಸ್ವಿಚ್ ಇಳಿಸಿ, ಒರೆಸಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತಾರೆ. ನನ್ನ ಕೂಲರಿಗೆ ಆ ಭಾಗ್ಯವಿಲ್ಲ. ಪ್ರತಿ ವರ್ಷ ಕೋಣೆಯ ಬಾಗಿಲಿಗೆ ಒಂದು ಸೇವಂತಿಗೆ ಸಿಕ್ಕಿಸಿ ಸುಮ್ಮನಾಗುತ್ತಿದ್ದೆ.

ಆ ವರ್ಷ ವರ್ಕ್‌ಶಾಪಿನ ಫೋರ್‌ಮನ್ ಬಾಗಿಲಿಗೇ ಬಂದರು. "ಬನ್ನಿ ಮೇಡಂ. ಇಲ್ಲಿ ನೀವೇ ಸೀನಿಯರ್ರು. ಈ ಸಲ ಸ್ವಿಚ್ ಆಫ್ ಮಾಡೋದು ನಿಮ್ಮ ಕೈಯಿಂದಾನೇ ಆಗ್ಲಿ."

"ನಂಗ್ಯಾಕ್ರೀ ಅದೆಲ್ಲಾ?" ಎಂದೆ. ಎನ್ನುತ್ತಲೇ ಸೆರಗು ಸರಿಮಾಡಿಕೊಂಡು ಹೊರಟಿದ್ದೆ.

ಹತ್ತಾರು ಜನ ನನಗೋಸ್ಕರ ಕಾಯುತ್ತಿದ್ದರು. ಸ್ವಿಚ್ ಇಳಿಸಿದೆ. ಚಪ್ಪಾಳೆ ಹೊಡೆದರು. ಮಂಗಳಾರತಿ ಆಯಿತು, ನಗು ಆಯಿತು. ಪುರಿ-ಬೂಂದಿಯ ಪೊಟ್ಟಣ ಹಿಡಿದು ಕೋಣೆಗೆ ಬಂದರೆ ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಆಗ ನೆನಪಾಯಿತು. ನಮ್ಮ ಯುಪಿಎಸ್ ರಿಪೇರಿಗೆ ಹೋಗಿತ್ತು. ಆ ವಾರ ಕೂಲರಿಗೆ ಕರೆಂಟು ವರ್ಕ್‌ಶಾಪಿನ ಮೇನ್‌ನಿಂದಲೇ ಬರುತ್ತಿತ್ತು. ಅದಕ್ಕೆ ಒಪ್ಪಿ ಸಹಿ ಹಾಕಿದವಳೂ ನಾನೇ.

ಹೋಗಿ ಮೇನ್ ಸ್ವಿಚ್ ಮತ್ತೆ ಏರಿಸಿದೆ. ಕೂಲರ್ ಏನೂ ಆಗಿಲ್ಲವೆಂಬಂತೆ ಓಡಿತು, ಮಧ್ಯಾಹ್ನದ ಹೊತ್ತಿಗೆ ಮತ್ತೆ ತಣ್ಣಗಾಯಿತು. ಅದು ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ. "ಕಂಪ್ಯೂಟರ್ ಕೈಕೊಟ್ಟಿತ್ತು, ಕೂಲರ್ ಓಡುತ್ತಿತ್ತು" ಎಂದು ಒಂದು ಸಾಲು ಬರೆದರೆ ಮುಗಿಯಿತು. ಐದು ತಿಂಗಳಲ್ಲಿ ಮೂರು ವರ್ಷ ತುಂಬುತ್ತದೆ, ನನ್ನ ಕಣ್ಣಮುಂದೆಯೇ. ನಿಜ ಬರೆದರೆ ನಾನು ಅದನ್ನು ಎಂದೂ ನೋಡುವುದಿಲ್ಲ. ಪೆನ್ನು ಹಿಡಿದು ಪುರಿ ಮೆತ್ತಗಾಗುವವರೆಗೆ ಕೂತೆ, ಕಣ್ಣೀರೂ ಹಾಕಿದೆ. ಆದರೆ ಮೇಲೆ ಹೋಗುವ ಕೂಲರ್ ಈ ರಿಜಿಸ್ಟರನ್ನು ನಂಬಿಯೇ ಹೋಗಬೇಕು.

"ನಿಂತಿತು" ಎಂದು ಬರೆದೆ. ಕೆಳಗಿನ ಸಾಲಿನಲ್ಲಿ, "ದಿನ ಒಂದು."

ಕಾರಣದ ಕಾಲಂನಲ್ಲಿ "ಮೇನ್ ಸ್ವಿಚ್ ನಾನೇ ಇಳಿಸಿದೆ" ಎಂದಷ್ಟೇ ಇದೆ. ಎಷ್ಟೋ ತಿಂಗಳ ಮೇಲೆ ಯಾರೋ ನನ್ನನ್ನು ಬನ್ನಿ ಎಂದು ಕರೆದಿದ್ದರು, ಅದಕ್ಕೇ ಹೋದೆ ಎಂಬುದನ್ನು ಬರೆಯಲಿಲ್ಲ.